ಮಲೆನಾಡಿನ ಬಳ್ಳಿ, ಬ್ರೆಜಿಲ್‌ನ ಬೇರು
ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೋಟ ಇರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಮಳೆಗಾಲ ಶುರುವಾದಾಗ ಅಡಿಕೆ ಮರ ತಬ್ಕೊಂಡು ಹಸಿರಾಗಿದ್ದ ಕಾಳುಮೆಣಸಿನ ಬಳ್ಳಿ ಆಗಸ್ಟ್ ಹೊತ್ತಿಗೆ ಎಲೆ ಉದುರಿಸ್ಕೊಂಡು, ಗಿಣ್ಣುಗಿಣ್ಣಲ್ಲೇ ಕಳಚಿ ಬುಡಕ್ಕೆ ಬಿದ್ದಿರುತ್ತೆ. ಇದೇ ಶೀಘ್ರ ಸೊರಗು ರೋಗ. ತರೋದು ಫೈಟಾಫ್ತೊರಾ, ಅಡಿಕೆ ಕೊಳೆ ತರೋದೂ ಇದೇ ಕುಲದ ಜೀವಿ. ನಾವೆಲ್ಲ ಶಿಲೀಂಧ್ರ ಅಂತೀವಿ, ನಿಜದಲ್ಲಿ ಅದು ಕಂದು ಪಾಚಿಗಳಿಗೆ ಹತ್ತಿರದ ಸಂಬಂಧಿ. ಅದರ ಬೀಜಕಣಕ್ಕೆ ಎರಡು ಪುಟ್ಟ ಬಾಲ ಇರುತ್ತೆ, ಮಣ್ಣಲ್ಲಿ ನಿಂತ ನೀರಲ್ಲಿ ಈಜ್ಕೊಂಡೇ ಬೇರು ಹುಡ್ಕುತ್ತೆ. ಅದಕ್ಕೇ ಬಸಿಗಾಲುವೆ ಹೂಳು ತೆಗೀದೆ ಬರೀ ಔಷಧಿ ಹೊಡೆದ್ರೆ ಸಾಲಲ್ಲ.

ಈ ರೋಗ ನಮ್ಮದೊಂದೇ ಅಲ್ಲ, ವಿಯೆಟ್ನಾಂ, ಇಂಡೋನೇಷ್ಯಾ, ಮಲೇಷ್ಯಾದ ಬೆಳೆಗಾರರೂ ಇದರ ಜೊತೆನೇ ಒದ್ದಾಡ್ತಿದಾರೆ. ಈ ದೇಶಗಳೆಲ್ಲ ಒಂದೇ ಮೇಜಿನ ಸುತ್ತ ಕೂರೋ ಸಂಸ್ಥೆನೂ ಇದೆ, ಅಂತರರಾಷ್ಟ್ರೀಯ ಕಾಳುಮೆಣಸು ಸಮುದಾಯ ಅಂತ. 1972ರಲ್ಲಿ ವಿಶ್ವಸಂಸ್ಥೆಯ ಏಷ್ಯಾ ಆಯೋಗದ ಆಶ್ರಯದಲ್ಲಿ ಹುಟ್ಟಿದ್ದು, ಕಚೇರಿ ಜಕಾರ್ತಾದಲ್ಲಿ, ಭಾರತ ಮತ್ತೆ ಶ್ರೀಲಂಕಾನೂ ಸದಸ್ಯರು. ರೇಟು, ಫಸಲಿನ ಅಂದಾಜು, ಗುಣಮಟ್ಟ, ಸಂಶೋಧನೆ ಎಲ್ಲ ಅಲ್ಲಿ ಚರ್ಚೆ ಆಗುತ್ತೆ.

ನಮ್ಮ ಕಡೆ ಮಾತ್ರ ವಿಯೆಟ್ನಾಂ ಹೆಸರು ಕೇಳೋದು ರೇಟು ಬಿದ್ದಾಗಲೇ. ಆ ಸಿಟ್ಟು ಸುಳ್ಳಲ್ಲ, ಅಗ್ಗದ ಮಾಲು ಬಂದು ಮಂಡಿ ರೇಟು ಕುಸಿದಾಗ ಸಣ್ಣ ಹಿಡುವಳಿದಾರನ ವರ್ಷದ ಲೆಕ್ಕಾಚಾರನೇ ತಲೆಕೆಳಗಾಗುತ್ತೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿದ್ದೂ ಅದಕ್ಕೇ. ಆದ್ರೆ ರೇಟಿನ ಜಗಳ ಬೇರೆ, ರೋಗದ ವಿಷಯ ಬೇರೆ. ರೋಗದಲ್ಲಿ ನಾವು ಅವರು ಒಂದೇ ಕಡೆ ನಿಂತಿದೀವಿ.

ಗಡಿ ದಾಟಿ ಬಂದಿದ್ದರಿಂದ ಏನು ಸಿಗುತ್ತೆ ಅಂತ ನೋಡ್ಬೇಕಾದ್ರೆ ನರ್ಸರಿಯಲ್ಲಿ ಒಂದು ಕಸಿ ಗಿಡ ಕೈಗೆತ್ಕೊಳ್ಳಿ. ಮೇಲ್ಗಡೆ ಪಣಿಯೂರೋ ಕರಿಮುಂಡವೋ ಅನ್ನೋ ಮೆಣಸಿನ ತಳಿ, ಕೆಳಗಡೆ ಬೇರೆ ಥರದ ಕಾಂಡ, ಮಧ್ಯೆ ಟೇಪ್ ಸುತ್ತಿದ ಗಾಯ. ಆ ಕೆಳಗಿಂದು ಬ್ರೆಜಿಲ್ ಹಿಪ್ಪಲಿ, ದಕ್ಷಿಣ ಅಮೆರಿಕಾದ ಜೌಗು ನೆಲದ ಗಿಡ. ನೀರು ನಿಂತ್ರೂ ಕೊಳೆಯಲ್ಲ, ಫೈಟಾಫ್ತೊರಾಗೆ ಬಗ್ಗಲ್ಲ. ಕಸಿ ಜಾಗ ನೆಲದಿಂದ ಮೇಲೇ ಇರೋ ಹಾಗೆ ನೆಡ್ಬೇಕು, ಇಲ್ಲಾಂದ್ರೆ ಮೇಲಿನ ಬಳ್ಳಿ ತನ್ನದೇ ಬೇರು ಬಿಟ್ಟು ಕಸಿ ಮಾಡಿದ್ದೇ ದಂಡ. ಬೇಸಿಗೆಯಲ್ಲಿ ನೀರು ತಪ್ಪಿಸಂಗಿಲ್ಲ, ಜೌಗಿನ ಗಿಡ ಅದು, ಒಣಗಿಬಿಡುತ್ತೆ. ಹಾಗಾಗಿ ನೀರಿನ ಅನುಕೂಲ ಇರೋ ತಗ್ಗಿನ ತೋಟಕ್ಕೇ ಸರಿ, ಗುಡ್ಡದ ಒಣ ಜಾಗಕ್ಕೆ ನಾನಂತೂ ಹಾಕಿ ಅನ್ನಲ್ಲ.

ನಾವು ಬರೀ ತಗೊಳ್ಳೋರೂ ಅಲ್ಲ ಕಣ್ರೀ. ಕಾಳುಮೆಣಸಿನ ತವರೇ ಪಶ್ಚಿಮ ಘಟ್ಟ, ಈಗ ಜಗತ್ತಿಗೇ ಅತಿ ಹೆಚ್ಚು ಮೆಣಸು ಮಾರೋ ವಿಯೆಟ್ನಾಂ ಬೆಳೆಯೋ ಬಳ್ಳಿಯ ಮೂಲಾನೂ ಇಲ್ಲಿದೇ. ರೋಗ ತಡ್ಕೊಳ್ಳೋ ಗುಣ ಹುಡ್ಕೋರಿಗೆ ನಮ್ಮ ಕಾಡಲ್ಲಿ, ಹಳೇ ತೋಟಗಳಲ್ಲಿ ಉಳಿದಿರೋ ನಾಟಿ ಬಳ್ಳಿಗಳೇ ಆಸ್ತಿ, ಅದನ್ನ ಕಡಿದು ಎಲ್ಲಾ ಕಡೆ ಒಂದೇ ತಳಿ ಹಾಕಿದ್ರೆ ಆ ಮೇಜಿನ ಮೇಲೆ ಇಡೋಕೆ ನಮ್ಮ ಹತ್ರ ಏನೂ ಇರಲ್ಲ. ಜಕಾರ್ತಾದ ಸಭೆಗಳಲ್ಲಿ ರೋಗದ ಬಗ್ಗೆ ಬರೋ ಮಾಹಿತಿ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದ ಮೂಲಕ ಮಳೆ ಹಿಡಿಯೋ ಮುಂಚೆ ಕನ್ನಡದಲ್ಲಿ ರೈತರ ಮೊಬೈಲಿಗೆ ಬರ್ಬೇಕು, ಇಲ್ಲಿನ ತೋಟಗಳ ಅನುಭವಾನೂ ಅದೇ ದಾರೀಲಿ ಅಲ್ಲಿಗೆ ಹೋಗ್ಬೇಕು.