ಪೈ ನಾವು ಕಟ್ಟಿದ ಬೆಲೆಯೇ?

ಮಂಡ್ಯದಲ್ಲಿ ಪದವಿ ತರಗತಿಗಳಿಗೆ ಗಣಿತ ಬೋಧಿಸುವ ನನ್ನನ್ನು ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಮನುಷ್ಯರೇ ಇಲ್ಲದಿದ್ದರೂ ಪೈ, ಅಂದರೆ ವೃತ್ತದ ಸುತ್ತಳತೆಗೂ ವ್ಯಾಸಕ್ಕೂ ಇರುವ ಅನುಪಾತ, ಇರುತ್ತಿತ್ತೇ? ಕಬ್ಬು ಸಾಗಿಸುವ ಎತ್ತಿನ ಗಾಡಿಯ ಮರದ ಚಕ್ರದಿಂದ ಈ ಚರ್ಚೆಯನ್ನು ಆರಂಭಿಸುವುದು ನನ್ನ ರೂಢಿ.

ಐದು ಅಡಿ ವ್ಯಾಸದ ಚಕ್ರದ ಸುತ್ತಳತೆ ಸುಮಾರು 15 ಅಡಿ 8.5 ಅಂಗುಲ. ಕಬ್ಬಿಣದ ಪಟ್ಟಿಯನ್ನು ಇದಕ್ಕಿಂತ ಕೊಂಚ ಕಿರಿದಾಗಿ ಬೆಸೆದು, ಕೆಂಪಗೆ ಕಾಯಿಸಿ ತೊಡಿಸಿದರೆ, ತಣಿದ ಮೇಲೆ ಅದು ಬಿಗಿಯಾಗಿ ಕೂರುತ್ತದೆ. ವ್ಯಾಸದ ಮೂರು ಪಟ್ಟು ಸಾಕೆಂದು 15 ಅಡಿಗೇ ಕತ್ತರಿಸಿದರೆ, ಕಾಯಿಸಿದಾಗ ಕಬ್ಬಿಣ ಹಿಗ್ಗುವುದು ಒಂದೆರಡು ಅಂಗುಲ ಮಾತ್ರವಾದ್ದರಿಂದ, ಪಟ್ಟಿ ಚಕ್ರಕ್ಕೆ ಏರುವುದೇ ಇಲ್ಲ. ಕನ್ನಡ ನಾಡಿನ ಹೆಮ್ಮೆಯ ಗಣಿತಜ್ಞರಾದ, ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯರು ಸೂಕ್ಷ್ಮ ಲೆಕ್ಕಕ್ಕೆ ಬಳಸಿದ್ದು 10ರ ವರ್ಗಮೂಲವನ್ನು, ಅಂದರೆ ಸುಮಾರು 3.162ನ್ನು. ಆ ಲೆಕ್ಕದಲ್ಲಿ ಸುತ್ತಳತೆಯೇ ಒಂದೂಕಾಲು ಅಂಗುಲ ಹೆಚ್ಚಾಗಿ ಬರುತ್ತದೆ. ಅವರಿಗಿಂತ ಮೂರು ಶತಮಾನಗಳಿಗೂ ಹಿಂದೆ ಆರ್ಯಭಟ ಕೊಟ್ಟ 3.1416 ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೂ ಅದು ಸಮೀಪದ ಬೆಲೆಯಷ್ಟೇ ಎಂದು ಅವನೇ ಹೇಳಿದ್ದಾನೆ. ಅಡಿ, ಅಂಗುಲ, ದಶಮಾಂಶ ಪದ್ಧತಿ ಇವೆಲ್ಲ ನಮ್ಮವು, ನಿಜ. ಆದರೆ ಎಂತಹ ವಿದ್ವಾಂಸರು ಹೇಳಿದ ಬೆಲೆಯನ್ನಾದರೂ ಚಕ್ರ ತಿದ್ದಬಲ್ಲದು ಎಂದಮೇಲೆ, ಆ ಅನುಪಾತ ನಮ್ಮ ಒಪ್ಪಂದದಿಂದ ಹುಟ್ಟಿದ್ದೆಂದು ನಾನು ಒಪ್ಪಲಾರೆ.

ಹಾಗೆಂದು ಪೈ ಚಕ್ರದೊಳಗೆ ಅಡಗಿ ಕುಳಿತಿದೆ ಎನ್ನುವುದೂ ಸರಿಯಲ್ಲ. ಅಣುಗಳಿಂದಾದ ಯಾವ ಚಕ್ರವೂ ಪರಿಪೂರ್ಣ ವೃತ್ತವಲ್ಲ. ಪೈ ಯಾವ ಭಿನ್ನರಾಶಿಗೂ ಸಮನಲ್ಲವೆಂದು ಹದಿನೆಂಟನೆಯ ಶತಮಾನದಲ್ಲಿ ಲ್ಯಾಂಬರ್ಟ್ ಸಾಧಿಸಿದ್ದು ತರ್ಕದಿಂದಲೇ ಹೊರತು ಅಳತೆಯ ಟೇಪಿನಿಂದಲ್ಲ. ಇನ್ನೂ ಮುಖ್ಯವಾದ ಮಾತೊಂದಿದೆ. ಭೂಮಿಯನ್ನು ಗೋಳವೆಂದು ಭಾವಿಸಿ, ಭೂಮಧ್ಯರೇಖೆಯ ಎದುರುಬದುರಿನ ಎರಡು ಬಿಂದುಗಳ ಅಂತರವನ್ನು ನೆಲದ ಮೇಲೆಯೇ, ಉತ್ತರ ಧ್ರುವದ ಮೂಲಕ ಅಳೆದರೆ, ಅದು ಆ ರೇಖೆಯ ಸುತ್ತಳತೆಯ ಸರಿಯಾಗಿ ಅರ್ಧದಷ್ಟಿರುತ್ತದೆ. ಅಲ್ಲಿ ಸುತ್ತಳತೆಗೂ ನೆಲದ ಮೇಲೆ ಅಳೆದ ಈ ವ್ಯಾಸಕ್ಕೂ ಇರುವ ಅನುಪಾತ 2 ಆಗುತ್ತದೆ, ಪೈ ಅಲ್ಲ. ಆದ್ದರಿಂದ ವೃತ್ತದ ಅನುಪಾತವಾಗಿ ಪೈ ಸೇರಿರುವುದು ಸಮತಲಕ್ಕೆ. ಸಮತಲವನ್ನು ಆರಿಸಿಕೊಳ್ಳುವುದು ನಾವು, ಆರಿಸಿಕೊಂಡ ಮೇಲೆ ಬರುವ ಉತ್ತರ ಮಾತ್ರ ನಮ್ಮ ಕೈಯಲ್ಲಿಲ್ಲ.

ಭೌತಶಾಸ್ತ್ರದ ಸ್ಥಿರಾಂಕಗಳ ವಿಚಾರ ಬೇರೆ. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್ ಎಂಬ ಅಂಕಿಯಲ್ಲಿ ನಮ್ಮ ಮೀಟರು, ಸೆಕೆಂಡುಗಳು ಬೆರೆತಿವೆ. ವಿದ್ಯುತ್ಕಾಂತೀಯ ಬಲ ಎಷ್ಟು ಪ್ರಬಲವೆಂದು ಸೂಚಿಸುವ, ಸುಮಾರು 1/137 ಬೆಲೆಯ ಸೂಕ್ಷ್ಮರಚನಾ ಸ್ಥಿರಾಂಕಕ್ಕೆ ಯಾವ ಮಾನದ ಹಂಗೂ ಇಲ್ಲ, ಆದರೆ ಅದನ್ನು ಪ್ರಯೋಗದಿಂದಲೇ ಅಳೆಯಬೇಕು. ಪೈಗೆ ಆ ಅಗತ್ಯವೂ ಇಲ್ಲ: ಕೇರಳದ ಮಾಧವನ ಹೆಸರಿನಲ್ಲಿರುವ ಶ್ರೇಣಿಯಂತೆ 1ರಿಂದ 1/3ನ್ನು ಕಳೆದು, 1/5ನ್ನು ಕೂಡಿ, 1/7ನ್ನು ಕಳೆಯುತ್ತ ಹೋಗಿ ನಾಲ್ಕರಿಂದ ಗುಣಿಸಿದರೆ, ಚಕ್ರವನ್ನೇ ಕಂಡಿರದವರಿಗೂ ಸಿಗುವುದು ಅದೇ ಸಂಖ್ಯೆ.