ವೈನ್ ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂಥ ಹರಳು: ಚೆಲ್ಲಬೇಕೇ?

ಪ್ರಶ್ನೆ: ಜರ್ಮನಿಯಲ್ಲಿರುವ ನನ್ನ ತಮ್ಮ, ಊರಿಗೆ ಬಂದಾಗ ಮೋಸೆಲ್ ಕಡೆಯ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ ತಳಿಯ ವೈನ್ ಒಂದು ಬಾಟಲಿ ತಂದುಕೊಟ್ಟಿದ್ದ. ಮೂರು ವಾರ ಫ್ರಿಜ್‌ನಲ್ಲಿಟ್ಟು ಮೊನ್ನೆ ತೆಗೆದು ನೋಡಿದರೆ ತಳದಲ್ಲಿ ಹೊಳೆಯುವ ಬಿಳಿ ಹರಳುಗಳು. ಗಾಜು ಒಡೆದಿದೆಯೇ? ಸಕ್ಕರೆ ಬೆರೆಸಿದ್ದಾರೆಯೇ? ಕುಡಿಯಬಹುದೇ?

ಉತ್ತರ: ದಯವಿಟ್ಟು ಚೆಲ್ಲಬೇಡಿ. ಅದು ಗಾಜೂ ಅಲ್ಲ, ಸಕ್ಕರೆಯೂ ಅಲ್ಲ. ನಿಮ್ಮ ಅಡುಗೆಮನೆಯ ಹುಣಸೆಹಣ್ಣಿನಲ್ಲಿರುವ ಹುಳಿಯೇ ಅಲ್ಲಿ ಹರಳುಗಟ್ಟಿ ಕುಳಿತಿದೆ.

ಹಣ್ಣುಗಳ ಹುಳಿ ಎಲ್ಲ ಒಂದೇ ಅಲ್ಲ. ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಸೇಬಿನಲ್ಲಿ ಮ್ಯಾಲಿಕ್ ಆಮ್ಲ. ಟಾರ್ಟಾರಿಕ್ ಆಮ್ಲವನ್ನು ಧಾರಾಳವಾಗಿ ತುಂಬಿಕೊಂಡ ಹಣ್ಣುಗಳು ತೀರಾ ಕಡಿಮೆ. ಅವುಗಳಲ್ಲಿ ಒಂದು ದ್ರಾಕ್ಷಿ, ಇನ್ನೊಂದು ನಮ್ಮ ಹುಣಸೆ. ದ್ರಾಕ್ಷಿರಸದಲ್ಲಿ ಈ ಆಮ್ಲದ ಜೊತೆಗೆ ಪೊಟ್ಯಾಸಿಯಂ ಕೂಡ ಇರುತ್ತದೆ. ಎರಡೂ ಕೂಡಿದರೆ ಪೊಟ್ಯಾಸಿಯಂ ಬೈಟಾರ್ಟ್ರೇಟ್ ಎಂಬ ಲವಣ. ರಸವು ಹುದುಗಿ ಆಲ್ಕೋಹಾಲ್ ಏರಿದಂತೆ ಈ ಲವಣ ಕರಗಿ ನಿಲ್ಲುವುದು ಕಷ್ಟವಾಗುತ್ತದೆ. ತಣ್ಣಗಾದರೆ ಇನ್ನೂ ಕಷ್ಟ. ಹಳೆಯ ಜೋನಿಬೆಲ್ಲದ ಡಬ್ಬಿಯ ತಳದಲ್ಲಿ ಸಕ್ಕರೆ ಹರಳು ಕಟ್ಟುವುದನ್ನು ನೀವು ಕಂಡಿರುತ್ತೀರಿ. ಕರಗಿ ನಿಲ್ಲಲಾರದ್ದು ತಳ ಸೇರುತ್ತದೆ. ನಿಮ್ಮ ಫ್ರಿಜ್‌ನ ಮೂರು ವಾರಗಳ ತಂಪು ಮಾಡಿದ್ದೂ ಅದನ್ನೇ.

ಜರ್ಮನ್ನರು ಈ ಹರಳಿಗೆ ‘ವೈನ್‌ಸ್ಟೈನ್’ ಎನ್ನುತ್ತಾರೆ, ಅಂದರೆ ವೈನಿನ ಕಲ್ಲು. ಮೋಸೆಲ್ ಕಣಿವೆಯಲ್ಲಿ ಸಾವಿರ ಲೀಟರಿನ ‘ಫುಡರ್’ ಎಂಬ ಮರದ ಪೀಪಾಯಿಗಳಿವೆ. ಅವುಗಳ ಒಳಗೋಡೆಗೆ ವರ್ಷದಿಂದ ವರ್ಷಕ್ಕೆ ಇದು ಸ್ನಾನದ ಹಂಡೆಯ ಕಿಟ್ಟದಂತೆ ಪದರ ಪದರವಾಗಿ ಹತ್ತಿಕೊಳ್ಳುತ್ತದೆ. ಹೀಗೆ ಕೆರೆದು ತೆಗೆದ ಕಿಟ್ಟವನ್ನು ಶುದ್ಧಗೊಳಿಸಿದರೆ ಸಿಗುವುದೇ ಬೇಕರಿಯವರು ಬಳಸುವ ‘ಕ್ರೀಮ್ ಆಫ್ ಟಾರ್ಟರ್’.

ಮೋಸೆಲ್‌ನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜರ್ಮನಿಯ ಪಶ್ಚಿಮ ಅಂಚಿನಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿದು ಕೋಬ್ಲೆಂಝ್‌ನಲ್ಲಿ ರೈನ್ ನದಿಯನ್ನು ಸೇರುವ ಹೊಳೆ ಅದು. ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದ ಆ ಚಳಿಯಲ್ಲಿ ದ್ರಾಕ್ಷಿ ಹಣ್ಣಾಗುವುದೇ ಹೆಚ್ಚು. ಅದಕ್ಕೆಂದೇ ಬಿಸಿಲು ನೇರವಾಗಿ ಬೀಳುವ ಕಡಿದಾದ ಇಳಿಜಾರುಗಳಲ್ಲಿ ಬಳ್ಳಿ ನೆಟ್ಟಿದ್ದಾರೆ. ಬ್ರೆಮ್ ಎಂಬ ಹಳ್ಳಿಯ ಬಳಿಯ ಕಾಲ್ಮೊಂಟ್ ಗುಡ್ಡದಲ್ಲಿ ಇಳಿಜಾರು ಕೆಲವೆಡೆ 60 ಡಿಗ್ರಿಯನ್ನೂ ಮೀರುತ್ತದೆ. ಅಲ್ಲಿ ಬುಟ್ಟಿ ಹೊತ್ತು ಹತ್ತುವ ಕೂಲಿಯವರ ಕಾಲಿಗೆ ಕೈಮುಗಿಯಬೇಕು. ನೆಲವೆಲ್ಲ ಸ್ಲೇಟು ಕಲ್ಲು, ಚಿಕ್ಕಂದಿನಲ್ಲಿ ನಾವು ಬಳಪದಿಂದ ಅಕ್ಷರ ತಿದ್ದಿದ ಅದೇ ಸ್ಲೇಟು. ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬಳ್ಳಿಯ ಬುಡಕ್ಕೆ ಬಿಡುತ್ತದೆ. ಬಿಸಿ ನಾಡಿನಲ್ಲಿ ದ್ರಾಕ್ಷಿ ಹಣ್ಣಾಗುವಾಗ ಬಳ್ಳಿಯೇ ತನ್ನ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಸುಟ್ಟುಕೊಳ್ಳುತ್ತದೆ, ಹುಳಿ ಇಳಿದುಹೋಗುತ್ತದೆ. ಮೋಸೆಲ್‌ನಲ್ಲಿ ರೀಸ್ಲಿಂಗ್ ಅಕ್ಟೋಬರ್‌ವರೆಗೂ ನಿಧಾನವಾಗಿ ಮಾಗುವುದರಿಂದ ಆ ಹುಳಿ ಉಳಿಯುತ್ತದೆ. ನಾಲಗೆಯ ಎರಡೂ ಬದಿಯಲ್ಲಿ ನೀರೂರಿಸುವ ಆ ಚುರುಕು ಬರುವುದು ಇಲ್ಲಿಂದಲೇ.

ಇನ್ನು ಸಕ್ಕರೆಯ ಅನುಮಾನ. ಮೋಸೆಲ್‌ನ ಎಷ್ಟೋ ವೈನ್‌ಗಳಲ್ಲಿ ಹುದುಗದೆ ಉಳಿದ ದ್ರಾಕ್ಷಿಯ ಸಿಹಿ ಇರುತ್ತದೆ, ನಿಜ. ಆದರೆ ಅದು ಪೂರ್ತಿ ಕರಗಿಯೇ ಇರುತ್ತದೆ. ಸಿಹಿ ಬೇಡದವರು ಲೇಬಲ್ ಮೇಲೆ ‘ಟ್ರೋಕನ್’ ಎಂಬ ಪದವಿದೆಯೇ ನೋಡಿಕೊಳ್ಳಲಿ.

ಮನಸ್ಸಿನಲ್ಲಿ ಅಳುಕು ಉಳಿದಿದ್ದರೆ ಒಂದು ಪರೀಕ್ಷೆ ಮಾಡಿ. ನಾಲ್ಕು ಹರಳನ್ನು ಚಮಚದಿಂದ ತೆಗೆದು ಲೋಟಕ್ಕೆ ಹಾಕಿ, ಕುದಿಯುವ ನೀರು ಹೊಯ್ದು ಕಲಕಿ. ಮೊದಲು ಅಂಚು ಮಸುಕಾಗುತ್ತದೆ, ಆಮೇಲೆ ಹರಳು ಸಣ್ಣದಾಗುತ್ತಾ ಮಾಯವಾಗುತ್ತದೆ. ಗಾಜು ಹೀಗೆ ಕರಗುವುದಿಲ್ಲ. ಕರಗದೆ ಉಳಿದರೆ, ಅಥವಾ ಬಾಟಲಿಯ ಬಾಯಿ ಒಡೆದಿದ್ದರೆ ಮಾತ್ರ ಎಲ್ಲವನ್ನೂ ಚೆಲ್ಲಿಬಿಡಿ. ವಿನಿಗರ್ ವಾಸನೆ ಬಂದರೆ ಅದು ಕೆಟ್ಟಿದೆ. ಆ ದೋಷಕ್ಕೂ ಹರಳಿಗೂ ಸಂಬಂಧವಿಲ್ಲ.

ಅಂಗಡಿಯ ಹೆಚ್ಚಿನ ಬಾಟಲಿಗಳಲ್ಲಿ ಇದು ಕಾಣುವುದಿಲ್ಲವಲ್ಲ ಎನ್ನಬಹುದು. ದೊಡ್ಡ ತಯಾರಕರು ವೈನನ್ನು ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 4 ಡಿಗ್ರಿಗೆ ಇಳಿಸಿ ದಿನಗಟ್ಟಲೆ ಇಟ್ಟು, ಹರಳು ಬಿದ್ದ ಮೇಲೆ ಸೋಸಿ ತುಂಬುತ್ತಾರೆ. ಗಿರಾಕಿ ಹೆದರಬಾರದು ಎಂಬುದಷ್ಟೇ ಕಾರಣ. ಹರಳಿದ್ದ ಮಾತ್ರಕ್ಕೆ ವೈನ್ ಶ್ರೇಷ್ಠವೂ ಅಲ್ಲ. ಆದರೂ ಕೇವಲ ನೋಟಕ್ಕಾಗಿ ಇಷ್ಟು ವಿದ್ಯುತ್ ಸುಡುವುದು ನನಗೆ ಒಪ್ಪಿಗೆಯಿಲ್ಲ.

ಇದನ್ನು ಹಗುರವಾಗಿ ಕಾಣಬೇಡಿ ಎನ್ನಲು ಇನ್ನೊಂದು ಕಾರಣವಿದೆ. 1848ರಲ್ಲಿ ಲೂಯಿ ಪಾಶ್ಚರ್, ಇನ್ನೂ 25ರ ತರುಣ, ವೈನ್ ತಯಾರಿಕೆಯಿಂದ ದೊರೆತ ಇಂಥದೇ ಒಂದು ಆಮ್ಲದ ಲವಣವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಹರಳುಗಳು ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾಗಿದ್ದವು. ಚಿಮುಟದಿಂದ ಒಂದೊಂದಾಗಿ ಆಯ್ದು ಬೇರೆ ಮಾಡಿದ. ಅಣುಗಳಿಗೂ ಎಡಬಲಗಳಿವೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು.

ಕುಡಿಯುವವರಾದರೆ ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಅಲುಗಿಸದೆ ನಿಧಾನವಾಗಿ ಬಗ್ಗಿಸಿ, ಕೊನೆಯ ಒಂದು ಗುಟುಕನ್ನು ತಳದಲ್ಲೇ ಬಿಡಿ. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕುವ ಮನೆ ನಿಮ್ಮದಾಗಿದ್ದರೆ, ಆ ಹರಳನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ದೀಪದ ಕಂಬಕ್ಕೆ ಒಮ್ಮೆ ಉಜ್ಜಿ ನೋಡಿ.