ಮಾಸ್ಕ್ ದಂಡ ಜನರಿಗೆ ಮಾತ್ರ ಇತ್ತಾ?

ಪ್ರಶ್ನೆ: ಕೋವಿಡ್ ಕಾಲದಲ್ಲಿ ಮಾಸ್ಕ್ ಇಲ್ಲ ಅಂತ ನಮ್ಮಿಂದ ದಂಡ ಕಟ್ಟಿಸಿಕೊಂಡರು. ಕಚೇರಿಗೆ ಹೋದರೆ ಟೇಬಲ್ ಹಿಂದೆ ಕೂತವರ ಮಾಸ್ಕ್ ಗಲ್ಲದ ಮೇಲಿರುತ್ತಿತ್ತು. ಸರ್ಕಾರಿ ನೌಕರರಿಗೆ ವಿನಾಯಿತಿ ಇತ್ತಾ?
– ಓದುಗರು, ದಾವಣಗೆರೆ

ಇರಲಿಲ್ಲ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಕೊಟ್ಟ ಸೂಚನೆಯಲ್ಲಿ ಸಾರ್ವಜನಿಕ ಸ್ಥಳದ ಜೊತೆಗೆ ಕೆಲಸದ ಸ್ಥಳದಲ್ಲೂ ಮಾಸ್ಕ್ ಕಡ್ಡಾಯ ಎಂದಿತ್ತು. ಅದೇ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ನಗರಗಳಲ್ಲಿ ದಂಡವನ್ನು 1000 ರೂಪಾಯಿಗೆ ಏರಿಸಿತು. ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿತು. ಈ ದಂಡಕ್ಕೆ ನೌಕರ, ಸಾಮಾನ್ಯ ಜನ ಅನ್ನೋ ಭೇದ ಇರಲಿಲ್ಲ.

ಹಾಗೆ ನೋಡಿದರೆ ಕಾನೂನು ಸರ್ಕಾರದ ಕಡೆಯವರ ಮೇಲೇ ಹೆಚ್ಚು ಬಿಗಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಇಲಾಖೆಯಿಂದ ತಪ್ಪಾದರೆ ಅದರ ಮುಖ್ಯಸ್ಥರೇ ತಪ್ಪಿತಸ್ಥರು. ತನಗೆ ಗೊತ್ತಿಲ್ಲದೆ ಆಯಿತು ಅಥವಾ ತಡೆಯಲು ಎಲ್ಲ ಎಚ್ಚರಿಕೆ ವಹಿಸಿದ್ದೆ ಎಂದು ಅವರೇ ತೋರಿಸಬೇಕು.

ಮತ್ತೆ ಗಲ್ಲಕ್ಕೆ ಇಳಿದದ್ದು ಯಾಕೆ? ಎಲ್ಲ ನೌಕರರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮನೆ ಮನೆ ಸುತ್ತಿದ ಆಶಾ ಕಾರ್ಯಕರ್ತೆಯರು ರೋಗವನ್ನು ಹತ್ತಿರದಿಂದ ಕಂಡವರು, ಅವರ ಕಣ್ಣಿಗೆ ನಿಯಮ ಸುಮ್ನೆ ಕಾಗದವಾಗಿರಲಿಲ್ಲ. ಬಸ್‌ನಲ್ಲಿ 'ಹರಿಹರ, ಹರಿಹರ' ಅಂತ ಕೂಗುವ ಕಂಡಕ್ಟರ್‌ಗೆ ಮಾಸ್ಕ್ ಹಾಕಿದರೆ ದನಿ ಹೊರಡದು, ಚಿಲ್ಲರೆ ಲೆಕ್ಕ ಹೇಳಿದ್ದು ಪ್ರಯಾಣಿಕರಿಗೆ ಕೇಳದು. ಪಿ.ಬಿ. ರಸ್ತೆಯ ಬಿಸಿಲಲ್ಲಿ ಇಡೀ ದಿನ ನಿಂತ ಪೊಲೀಸರ ಪಾಡೂ ಬೇರೆ. ಇವರು ಆಗಾಗ ಇಳಿಸಿದ್ದನ್ನು ನಾನು ಜಾಸ್ತಿ ದೂರಲ್ಲ.

ಕುರ್ಚಿಯವರದ್ದು ಬೇರೆ ಕಥೆ. ಕೌಂಟರ್ ಮುಂದೆ ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸುತ್ತಿದ್ದರು. ಒಳಗೆ ಒಂದೇ ಫೈಲಿನ ಮೇಲೆ ನಾಲ್ಕು ತಲೆ ಬಾಗಿರುತ್ತಿತ್ತು. ಟೀ ಬಂತು ಅಂದರೆ ಮಾಸ್ಕ್ ಎಲ್ಲರದ್ದೂ ಕೆಳಗೆ. ರೋಗ ಹೊರಗಿನಿಂದ ಬರುವವರ ಹತ್ತಿರ ಇದೆ, ನಮ್ಮ ಸೆಕ್ಷನ್‌ನವರ ಹತ್ತಿರ ಇಲ್ಲ ಅನ್ನೋ ನಂಬಿಕೆ. ವೈರಸ್‌ಗೆ ಐಡಿ ಕಾರ್ಡ್ ಓದಲು ಬರಲ್ಲ, ಅಲ್ವಾ? ದಂಡದ ರಸೀದಿ ಪುಸ್ತಕ ಹಿಡಿದವರು ರಸ್ತೆಯಲ್ಲೇ ಓಡಾಡುತ್ತಿದ್ದರು, ತಮ್ಮದೇ ಸಹೋದ್ಯೋಗಿಗೆ ರಸೀದಿ ಹರಿಯುವ ಮುಜುಗರ ಯಾರಿಗೂ ಬೇಕಿರಲಿಲ್ಲ.

ಆಗ ದೂರಲು ದಾರಿ ಇತ್ತು. ಮೊದಲು ಕಚೇರಿಯ ಮುಖ್ಯಸ್ಥರಿಗೆ, ಅಲ್ಲಿ ಕೇಳದಿದ್ದರೆ ಜಿಲ್ಲಾಧಿಕಾರಿಗೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಆ ಕಾಯ್ದೆಯಡಿ ಕೇಂದ್ರ ಹೊರಡಿಸಿದ್ದ ಕೋವಿಡ್ ಆದೇಶಗಳ ಅವಧಿ 2022ರ ಮಾರ್ಚ್ 31ಕ್ಕೆ ಮುಗಿಯಿತು.